ಕಣದ ಅಂಚಿನಲ್ಲಿ ನಿಂತವರು

ವಿಜಯಪುರದ ಜಲನಗರದಂಥ ಬಡಾವಣೆಯಲ್ಲಿ ಹಂಚುವ ಯಾವ ಲಗ್ನಪತ್ರಿಕೆ ಕೈಗೆ ಬಂದರೂ, ವಧೂವರರ ಹೆಸರಿಗಿಂತ ಮೊದಲು ಅದರ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಸಾಲುಗಟ್ಟಿದ ಬಂಧುಮಿತ್ರರ ಅಡ್ಡಹೆಸರುಗಳ ಮೇಲೆ ಕಣ್ಣು ಹಾಯಿಸುವ ಚಟವೊಂದು ನನಗಿದೆ. ಬಡಿಗೇರ, ಕಂಬಾರ, ಕುಂಬಾರ, ಹೂಗಾರ, ಹಡಪದ, ಮಡಿವಾಳ, ಪತ್ತಾರ, ಮಠಪತಿ, ಮುಲ್ಲಾ, ತಳವಾರ, ಕುಲಕರ್ಣಿ, ಪಾಟೀಲ. ಇವರಲ್ಲಿ ಬಡಿಗೇರರು ಶಾಲೆಯಲ್ಲಿ ಗಣಿತ ಕಲಿಸುತ್ತಿರಬಹುದು, ಕುಂಬಾರರು ಔಷಧದ ಅಂಗಡಿ ಇಟ್ಟಿರಬಹುದು, ಕಂಬಾರರ ಹುಡುಗ ಪುಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿರಬಹುದು. ಕಸುಬು ಕೈಬಿಟ್ಟು ಎರಡು ಮೂರು ತಲೆಮಾರು ಕಳೆದರೂ ಹೆಸರು ಬಿಟ್ಟಿಲ್ಲ. ಆ ಸಾಲನ್ನು ಒಂದೇ ಉಸಿರಿನಲ್ಲಿ ಓದಿದರೆ ಅದು ಹತ್ತೊಂಬತ್ತನೆಯ ಶತಮಾನದ ತಿಕೋಟಾ, ಬಬಲೇಶ್ವರ, ಕಾಖಂಡಕಿ ಅಥವಾ ಬಿಜ್ಜರಗಿಯಂಥ ಊರೊಂದರ ಹಾಜರಿಪಟ್ಟಿಯಂತೆಯೇ ಕೇಳುತ್ತದೆ. ಆ ಊರಿನಲ್ಲಿ ಒಬ್ಬರ ದುಡಿಮೆಗೆ ಇನ್ನೊಬ್ಬರು ಏನು ಕೊಡುತ್ತಿದ್ದರು ಎಂಬುದನ್ನು ಬಲ್ಲವರು ಬರೆದಿಟ್ಟಿದ್ದಾರೆ. ಕೊಡುವಾಗ ಅವರ ಮನಸ್ಸು ಹೇಗಿರುತ್ತಿತ್ತು, ಪಡೆಯುವವರು ಎಲ್ಲಿ ನಿಂತಿರುತ್ತಿದ್ದರು ಎಂದು ಯೋಚಿಸುವುದು ನನಗೆ ಅದಕ್ಕಿಂತ ಮುಖ್ಯವೆನಿಸುತ್ತದೆ.

ಮೊದಲು ನೆಲದಿಂದಲೇ ತೊಡಗಬೇಕು. ಡೋಣಿ ನದಿಯ ಎರಡೂ ಮಗ್ಗುಲಲ್ಲಿ ಹಾಸಿಕೊಂಡಿರುವ ಕರಿ ಎರೆಯ ಭೂಮಿ ಇದು. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂದು ಹಿರಿಯರು ಇಂದಿಗೂ ಆಡುತ್ತಾರೆ. ಬೆಳೆಯದಿದ್ದರೆ ಏನು ಎಂಬುದನ್ನು ಆ ಗಾದೆ ಹೇಳದೆ ಬಿಟ್ಟಿದೆ. ಹಿಂಗಾರಿ ಜೋಳ ಇಲ್ಲಿಯ ಜೀವ. ಉತ್ತರಿ, ಹಸ್ತ ಮಳೆಗಳ ಹೊತ್ತಿಗೆ ಬಿತ್ತಿದ ಕಾಳು ಅಲ್ಲಿಂದಾಚೆ ಮೋಡದ ಮುಖ ನೋಡದಿದ್ದರೂ, ಎರೆಮಣ್ಣು ತನ್ನೊಳಗೆ ಹಿಡಿದಿಟ್ಟ ಹಸಿಯನ್ನೇ ಹೀರಿ, ಚಳಿಗಾಲದ ಇಬ್ಬನಿಯಲ್ಲಿ ತೆನೆಗಟ್ಟಿ, ಬೇಸಗೆ ಕಾಲಿಡುವಾಗ ಕೊಯ್ಲಿಗೆ ಬರುತ್ತದೆ. ಹಾಗಾಗಬೇಕಾದರೆ ಬಿತ್ತುವ ದಿನ ಕಾಳು ಸರಿಯಾದ ಆಳಕ್ಕೆ ಇಳಿಯಬೇಕು. ಮೇಲೆ ಬಿದ್ದರೆ ಒಣಗುತ್ತದೆ, ಆಳಕ್ಕೆ ಹೋದರೆ ಮೊಳಕೆ ಮಣ್ಣೊಡೆದು ಬರುವುದಿಲ್ಲ. ಈ ಸೂಕ್ಷ್ಮವೆಲ್ಲ ಕೂರಿಗೆಯ ಮೇಲೆ ನಿಂತಿತ್ತು. ಬಟ್ಟಲಿಗೆ ಹಾಕಿದ ಕಾಳು ಬಿದಿರಿನ ಕೊಳವೆಗಳ ಒಳಗಿಂದ ಜಾರಿ, ತಾಳುಗಳು ಸೀಳಿದ ಸಾಲಿನಲ್ಲಿ ಸಮವಾಗಿ ಬೀಳುವಂತೆ ಬಡಿಗ ಅದನ್ನು ಕೂಡಿಸಿರಬೇಕು. ತಾಳಿನ ತುದಿಯ ಕುಡವನ್ನು ಕಂಬಾರ ಹಣಿಸಿ ಕೊಟ್ಟಿರಬೇಕು. ಎತ್ತಿನ ಕೊರಳಿನ ಬಾರು, ಮಿಣಿಗಳನ್ನು ತೊಗಲು ಹದ ಮಾಡಬಲ್ಲ ಕೈಗಳು ಸಿದ್ಧಪಡಿಸಿರಬೇಕು. ಹೊಲದಲ್ಲಿ ಕಾಣುವವನು ಒಕ್ಕಲಿಗನೊಬ್ಬನೇ. ಆದರೆ ಕಾಳು ಮಣ್ಣಿಗೆ ಬೀಳುವ ಆ ಗಳಿಗೆಯಲ್ಲಿ ಊರಿನ ಅರ್ಧದಷ್ಟು ಜನ ಅವನ ಜೊತೆಗೆ ನಡೆಯುತ್ತಿದ್ದರು.

ಕುಡ ಹಣಿಸಿದ್ದಕ್ಕೆ ಕಂಬಾರ ಅಂದೇ ದುಡ್ಡು ಕೇಳುತ್ತಿರಲಿಲ್ಲ. ಮುರಿದ ಈಸು ಬದಲಿಸಿದ್ದಕ್ಕೆ ಬಡಿಗನೂ ಕೇಳುತ್ತಿರಲಿಲ್ಲ. ಹಡಪದವ ವರ್ಷವಿಡೀ ಮನೆಯವರ ಕ್ಷೌರ ಮಾಡಿದ್ದು, ಮಡಿವಾಳ ಒಗೆದದ್ದು, ಕುಂಬಾರ ಮದುವೆಗೂ ಮರಣಕ್ಕೂ ಗಡಿಗೆ ಕೊಟ್ಟದ್ದು, ಐನಾರು ಸೋಮವಾರಕ್ಕೊಮ್ಮೆ ಪತ್ರಿ ತಂದದ್ದು, ಮುಲ್ಲಾ ಕುರಿಯ ಕೊರಳ ಮೇಲೆ ಕೈಯಿಟ್ಟು ದುವಾ ಓದಿದ್ದು, ತಳವಾರ ಇರುಳೆಲ್ಲ ಊರು ಸುತ್ತಿದ್ದು, ಇವೆಲ್ಲ ಯಾವ ವಹಿಗೂ ಏರದೆ ಎಲ್ಲರ ನೆನಪಿನಲ್ಲಿ ಉಳಿದು, ಸುಗ್ಗಿಯ ದಿನ ಕಣದಲ್ಲಿ ಒಮ್ಮೆಗೇ ತೀರುತ್ತಿದ್ದವು. ಆಯ ಎನ್ನುವುದು ಅದಕ್ಕೇ. ಯಾರಿಗೆ ಎಷ್ಟು ಎನ್ನುವುದು ರೈತನಿಗೆ ಎಷ್ಟು ಜೋಡಿ ಎತ್ತು, ಎಷ್ಟು ಹೊಲ ಎನ್ನುವುದರ ಮೇಲೆ ಹಿಂದಿನಿಂದ ಬಂದ ಕಟ್ಟು. ಅದನ್ನು ಏರಿಸಲು ಬಡಿಗ ಹಟ ಹಿಡಿಯುವಂತಿರಲಿಲ್ಲ, ಇಳಿಸಲು ರೈತನೂ ನೆವ ಹೇಳುವಂತಿರಲಿಲ್ಲ.

ಆ ಕಣವನ್ನು ಇಂದಿನ ಮಕ್ಕಳು ನೋಡಿಲ್ಲ. ನೆಲ ಬಡಿದು, ಸಗಣಿಯಿಂದ ಸಾರಿಸಿ, ನಡುವೆ ಮೇಟಿ ನೆಟ್ಟು, ತೆನೆ ಹರವಿ, ಎತ್ತುಗಳ ಸಾಲು ಹೂಡಿ ಹಂತಿ ಹೊಡೆಯುವುದು. ನಿದ್ದೆ ಬಾರದಂತೆ ಇರುಳಿಡೀ ಹಂತಿಯ ಹಾಡು. ಗಾಳಿ ಬೀಸಿದಾಗ ಎತ್ತರದಲ್ಲಿ ನಿಂತು ತೂರುವುದು. ಹೊಟ್ಟು ಅತ್ತ, ಕಾಳು ಇತ್ತ. ರಾಶಿಗೆ ಪೂಜೆಯಾದ ಮೇಲೆ ಅಳೆಯುವವನು ಮೌನವಾಗಿ ಅಳೆಯಬೇಕು, ಸುತ್ತ ನಿಂತವರೂ ಸುಮ್ಮನಿರಬೇಕು. ಆ ಮೌನದಲ್ಲಿ ಭಕ್ತಿ ಎಷ್ಟು, ಆತಂಕ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಯಾಕೆಂದರೆ ವರ್ಷದ ಬದುಕು ಅಳತೆಗೆ ಸಿಗುತ್ತಿದ್ದುದು ಆಗ ಒಮ್ಮೆ ಮಾತ್ರ, ಮತ್ತು ಸಿಗುತ್ತಿದ್ದುದು ರೈತನೊಬ್ಬನದಲ್ಲ.

ಹೀಗೆ ಬರೆಯುವಾಗ ಲೇಖನಿ ತಾನಾಗಿ ಸಿಹಿಯ ಕಡೆಗೆ ಓಲುತ್ತದೆ ಎಂಬ ಎಚ್ಚರ ನನಗಿದೆ. ಗತಕಾಲದ ಹಳ್ಳಿಯನ್ನು ಹೊಗಳಿದವರು ಕಡಿಮೆಯೇನಿಲ್ಲ. 1830ರಲ್ಲಿ ಚಾರ್ಲ್ಸ್ ಮೆಟ್ಕಾಫ್ ಎಂಬ ಕಂಪನಿಯ ಅಧಿಕಾರಿ ಇಲ್ಲಿಯ ಊರುಗಳನ್ನು ಪುಟ್ಟ ಗಣರಾಜ್ಯಗಳೆಂದು ಬಣ್ಣಿಸಿದ. ಆ ಮಾತು ಸಮುದ್ರ ದಾಟಿ ಹೋಗಿ, ತಿರುಗಿ ಬಂದು, ನಮ್ಮದೇ ಮಾತೆನ್ನುವಷ್ಟು ಪ್ರಿಯವಾಯಿತು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡು ಮಂಡಿಸುತ್ತ ಅಂಬೇಡ್ಕರರು ಆ ಹೊಗಳಿಕೆಯನ್ನು ನೇರವಾಗಿ ತಳ್ಳಿಹಾಕಿದರು. ಇಬ್ಬರೂ ನೋಡಿದ್ದು ಒಂದೇ ಊರನ್ನು. ಒಬ್ಬ ಕುದುರೆಯ ಮೇಲಿಂದ ನೋಡಿದ್ದ. ಇನ್ನೊಬ್ಬರು ನೋಡಿದ್ದು ಊರ ಹೊರಗಿನ ಕೇರಿಯಿಂದ.

ಆ ಕೇರಿಯಿಂದ ನೋಡಿದರೆ ಕಣ ಹೇಗೆ ಕಾಣುತ್ತಿತ್ತು? ಗೌಡ, ಕುಲಕರ್ಣಿ, ಐನಾರು, ಜೋಯಿಸರ ಪಾಲು ರಾಶಿಯ ನೆತ್ತಿಯಿಂದ ಹೋಗುತ್ತಿತ್ತು. ಬಡಿಗ, ಕಂಬಾರರು ಮೊರ ಹಿಡಿದು ಮುಂದೆ ಬಂದು, ಹೊಲದ ವಿಚಾರ, ಮಗಳ ಮದುವೆಯ ವಿಚಾರ ಮಾತಾಡುತ್ತ ತಮ್ಮದನ್ನು ಒಯ್ಯುತ್ತಿದ್ದರು. ಆಮೇಲೆ ಉಳಿದವರು. ಎಲ್ಲ ಮುಗಿದು, ಕಣದ ಅಂಚಿನಲ್ಲಿ ಮಣ್ಣಿನೊಡನೆ ಬೆರೆತುಹೋದ ಕಾಳನ್ನು ಗುಡಿಸಿ ಗುಡ್ಡೆ ಹಾಕಿದಾಗ, ಅದು ದೂರದಲ್ಲಿ ನಿಂತವರಿಗೆ. ಸತ್ತ ಎತ್ತನ್ನು ಹೊತ್ತೊಯ್ದವರು, ಅದರ ತೊಗಲನ್ನು ಹದ ಮಾಡಿ ಬಾರುಕೋಲು ಹೆಣೆದು ಕೊಟ್ಟವರು, ಸರಕಾರದ ಕಾಗದ ಹೊತ್ತು ಊರಿಂದೂರಿಗೆ ಬರಿಗಾಲಲ್ಲಿ ನಡೆದವರು, ಸೀಮೆಯ ಕಲ್ಲು ಯಾವುದೆಂದು ಬೊಟ್ಟು ಮಾಡಿ ತೋರಿಸಬಲ್ಲವರು ಅವರು. ಇವರ ಸಾಕ್ಷಿ ಇಲ್ಲದೆ ಊರಿನ ಗಡಿ ಎಲ್ಲಿದೆಯೆಂದೇ ಊರಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ಅವರು ನಿಲ್ಲಬೇಕಾದ ಗಡಿ ಎಲ್ಲಿ ಎಂಬುದು ಊರಿನ ಕೂಸಿಗೂ ಗೊತ್ತಿತ್ತು.

ಬಡಿಗನಿಗೆ ಕೊಟ್ಟದ್ದೂ ಜೋಳ, ಇವರಿಗೆ ಕೊಟ್ಟದ್ದೂ ಜೋಳ. ಎರಡೂ ಮಾಡಿದ ಕೆಲಸಕ್ಕೆ ಸಲ್ಲಬೇಕಾದ ಪಾಲೇ. ಆದರೆ ಒಬ್ಬ ಅದನ್ನು ತನ್ನದೆಂದು ತೆಗೆದುಕೊಂಡ, ಇನ್ನೊಬ್ಬ ಅದನ್ನು ಬೇಡಿ ಪಡೆಯಬೇಕಾಯಿತು. ಕೊಡುವ ಕೈ ಹಾಗೆಂದು ನಿರ್ಧರಿಸಿತ್ತು. ಬಹಳ ಕಾಲ ಹಾಗೆ ಕೊಟ್ಟು ರೂಢಿಯಾದ ಮೇಲೆ ಅದಕ್ಕೆ ತಾನು ದಾನ ಮಾಡುತ್ತಿದ್ದೇನೆ ಎಂಬ ನಂಬಿಕೆಯೂ ಬಂದುಬಿಟ್ಟಿತ್ತು. ಕೊಡಬೇಕಾದ್ದನ್ನು ಕೊಡುವಾಗಲೂ ಉಪಕಾರ ಮಾಡಿದೆನೆಂದುಕೊಳ್ಳುವ ಮನಸ್ಸಿನ ಈ ಚಾಳಿ ಎಷ್ಟು ಹಳೆಯದು, ಎಷ್ಟು ಸಲೀಸಾದದ್ದು!

ಆ ಕಾಲದ ಊರಿನ ಬದುಕನ್ನು ಯಾರು ಬರೆದರು ಎಂಬುದೂ ಯೋಚಿಸುವಂಥದ್ದು. ಸ್ಕಾಟ್ಲೆಂಡಿನಲ್ಲಿ ಸರ್ ಜಾನ್ ಸಿಂಕ್ಲೇರ್ ಎಂಬಾತ ಪ್ರತಿ ಪ್ಯಾರಿಷ್ಷಿನ ಪಾದ್ರಿಗೂ ಉದ್ದನೆಯ ಪ್ರಶ್ನಾವಳಿ ಕಳಿಸಿ, ನಿಮ್ಮ ಊರಲ್ಲಿ ಕಮ್ಮಾರರೆಷ್ಟು, ನೇಕಾರರೆಷ್ಟು, ಓಟ್ಸ್ ಧಾನ್ಯದ ಬೆಲೆ ಏನು, ಬಡವರ ಪಾಡು ಹೇಗೆ ಎಂದು ಕೇಳಿ, ಅವರು ಬರೆದದ್ದನ್ನು 1791ರಿಂದ 1799ರ ನಡುವೆ 21 ಸಂಪುಟಗಳಲ್ಲಿ ಅಚ್ಚು ಹಾಕಿಸಿದ. ಮುಂದೆ 1834ರಿಂದ 1845ರವರೆಗೆ ಪಾದ್ರಿಗಳು ಮತ್ತೊಮ್ಮೆ ಬರೆದರು. ಅಲ್ಲಿಯೂ ಕಮ್ಮಾರನಿಗೆ ವರ್ಷಕ್ಕಿಷ್ಟು ಧಾನ್ಯ ಕೊಡುವ ರೂಢಿ ಕೆಲವೆಡೆ ಇತ್ತು; ಧಣಿಯ ಗಿರಣಿಯಲ್ಲೇ ಕಾಳು ಬೀಸಿಸಬೇಕೆಂಬ ಕಟ್ಟುಪಾಡೂ ಇತ್ತು. ಪಾದ್ರಿಗಳು ತಮ್ಮ ಊರನ್ನು ಒಳಗಿನಿಂದ ಬಲ್ಲವರು. ತಮ್ಮ ಜನರ ಕುಡಿತವನ್ನು ಬೈದಾರು, ಅವರ ಬಡತನಕ್ಕೆ ಮರುಗಿಯಾರು. ನಮ್ಮ ಕಡೆ ಅಂಥ ವಿವರ ಮುಂಬಯಿ ಪ್ರಾಂತದ ಗ್ಯಾಝೆಟಿಯರಿನ 23ನೆಯ ಸಂಪುಟವಾಗಿ, ಜೇಮ್ಸ್ ಕ್ಯಾಂಪ್‌ಬೆಲ್ಲನ ಸಂಪಾದಕತ್ವದಲ್ಲಿ 1884ರಲ್ಲಿ ಬಂತು. ಜಾತಿ ಜಾತಿಯ ಮನೆ, ಊಟ, ಉಡುಗೆ, ಮದುವೆಯ ಖರ್ಚು ಎಲ್ಲ ಅದರಲ್ಲಿದೆ. ಶ್ರದ್ಧೆಯ ಕೆಲಸ, ಅನುಮಾನವಿಲ್ಲ. ಆದರೆ ಕಂದಾಯದ ಕಣ್ಣಿನಿಂದ ನೋಡಿದ್ದು. ತಿಕೋಟಾದ ಐನಾರೊಬ್ಬರು, ಬಬಲೇಶ್ವರದ ಮುಲ್ಲಾ ಒಬ್ಬರು, ಅಥವಾ ಒಬ್ಬ ಸೂಲಗಿತ್ತಿ ತಮ್ಮ ಊರಿನ ಬಗ್ಗೆ ಬರೆದಿದ್ದರೆ? ಸೂಲಗಿತ್ತಿ ಬರೆದಿದ್ದರೆ ಅದರಲ್ಲಿ ಯಾವ ಮನೆಯವರು ಹೆಣ್ಣು ಹುಟ್ಟಿದಾಗ ಅವಳ ಪಾಲಿನ ಕಾಳನ್ನು ಕಡಿಮೆ ಮಾಡಿದರು ಎಂಬುದೂ ಇರುತ್ತಿತ್ತೋ ಏನೋ.

ಸರಕಾರಗಳು ಬದಲಾಗುತ್ತಿದ್ದವು. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದ ಮೇಲೆ ಈ ಸೀಮೆ ಸಾತಾರಾದ ಅರಸರಿಗೆ ಹೋಯಿತು. 1848ರಲ್ಲಿ ಸಾತಾರಾ ಮುಳುಗಿ ಕಂಪನಿಯದಾಯಿತು. ಜಿಲ್ಲೆಯ ಕಚೇರಿ ಬಹುಕಾಲ ಕಲಾದಗಿಯಲ್ಲಿದ್ದು, 1885ರಲ್ಲಿ ವಿಜಯಪುರದ ಹಳೆಯ ಅರಮನೆಗಳ ನಡುವೆ ಬಂದು ಕೂತಿತು. ಸರಪಳಿ ಹಿಡಿದು ಹೊಲ ಅಳೆದರು, ಕಂದಾಯವನ್ನು ಮೂವತ್ತು ವರ್ಷಕ್ಕೆ ಗೊತ್ತು ಮಾಡಿದರು. ಹೊಲಕ್ಕೆ ಲೆಕ್ಕ ಹತ್ತಿತು, ಕಣಕ್ಕೆ ಹತ್ತಲಿಲ್ಲ. ಊರಿನ ಚಾಕರಿಯನ್ನು 1874ರ ವತನ ಕಾಯಿದೆ ಇನ್ನಷ್ಟು ಬಿಗಿಯಾಗಿ ವಂಶಕ್ಕೆ ಕಟ್ಟಿತು: ಅಪ್ಪ ಮಾಡಿದ್ದನ್ನು ಮಗ ಮಾಡಬೇಕು, ಒಬ್ಬನಿಗೆ ವತನವಿದ್ದರೆ ಮನೆಮಂದಿಯೆಲ್ಲ ಕರೆದಾಗ ಬರಬೇಕು. 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಅಂಬೇಡ್ಕರರು ಈ ಕಾಯಿದೆಯ ತಿದ್ದುಪಡಿಗೆ ಮಸೂದೆ ತಂದಾಗ ಅವರ ಆಕ್ಷೇಪದ ತಿರುಳು ಹೀಗಿತ್ತು: ಸರಕಾರದ ಚಾಕರಿ ಮಾಡುವವರ ಸಂಬಳವನ್ನು ಸರಕಾರ ಕೊಡದೆ, ಊರವರ ಮನೆ ಬಾಗಿಲಿಗೆ ಹೋಗಿ ಕೇಳಿ ಪಡೆಯಲು ಬಿಟ್ಟಿದೆ. ಕೊಡುವವರಿಗೆ ಮುನಿಸು ಬಂದರೆ ಆ ಕಾಳೂ ನಿಲ್ಲುತ್ತದೆ. ತನ್ನ ಮಾನಕ್ಕಾಗಿ ಒಂದು ಮಾತು ಆಡಿದವನು ಆ ವರ್ಷ ಉಪವಾಸ. ಅಂಥ ಸಂಬಳವನ್ನು ಹಣದ ರೂಪದಲ್ಲಿ, ಗೊತ್ತಾದ ದಿನ, ಗೊತ್ತಾದ ಕೈಯಿಂದ ಕೊಡಿ ಎನ್ನುವುದು ಅವರ ಬೇಡಿಕೆ. ವತನಗಳು ಕಾನೂನಿನಲ್ಲಿ ಅಳಿಯಲು ಸ್ವಾತಂತ್ರ್ಯ ಬರಬೇಕಾಯಿತು. ಕರ್ನಾಟಕದ ಗ್ರಾಮ ಹುದ್ದೆಗಳ ರದ್ಧತಿ ಕಾಯಿದೆ ಬಂದದ್ದು 1961ರಲ್ಲಿ.

ಹಣವನ್ನು ನಾವು ಸಂಬಂಧ ಕೆಡಿಸುವ ವಸ್ತುವೆಂದು ಬೈಯುತ್ತೇವೆ. ದುಡ್ಡು ಬಂದು ಹಳ್ಳಿಯ ಪ್ರೀತಿ ಹೋಯಿತು ಎಂದು ಭಾಷಣ ಮಾಡುವವರನ್ನು ಕೇಳುವಾಗೆಲ್ಲ ನನಗೆ ಈ ಮಸೂದೆ ನೆನಪಾಗುತ್ತದೆ. ಎಂದೂ ತೀರದ ಲೆಕ್ಕದಲ್ಲಿ ಪ್ರೀತಿ ಬೆಳೆಯುತ್ತದೆ ಎಂಬುದು ನಿಜವೇ ಇರಬಹುದು. ಬಡಿಗನ ಮತ್ತು ರೈತನ ನಡುವೆ ಅದು ಬೆಳೆದಿತ್ತು ಎಂದೇ ನಾನು ನಂಬುತ್ತೇನೆ. ತಾನು ಕೂಡಿಸಿದ ಕೂರಿಗೆ ಬಿತ್ತಿದ ಹೊಲದ ಮುಂದೆಯೇ ಬಡಿಗ ದಿನಾ ಓಡಾಡಬೇಕಿತ್ತು. ಸಾಲು ಎಡವಟ್ಟಾಗಿದ್ದರೆ ಇಡೀ ಊರಿಗೆ ಕಾಣುತ್ತಿತ್ತು. ಬೆಳೆಯೇ ಕೈಕೊಟ್ಟರೆ ಅವನ ಪಾಲೂ ಕೈತಪ್ಪುತ್ತಿತ್ತು. ಕೆಲಸ ಮುಗಿಸಿ ಕೂಲಿ ಎಣಿಸಿಕೊಂಡು ಹೋದವನಿಗೆ ಇರದ ಕಾಳಜಿ ಅದು. ಆದರೆ ಬಿಡಿಸಿಕೊಳ್ಳಲು ಬಾರದ ಸಂಬಂಧದಲ್ಲಿ ಪ್ರೀತಿಯೂ ಬಿಡಿಸಿಕೊಳ್ಳಲಾಗದ ದಾಸ್ಯವೂ ಒಂದೇ ಹಗ್ಗದ ಎರಡು ಎಳೆಗಳಂತೆ ಹೊಸೆದುಕೊಂಡಿರುತ್ತವೆ. ರಾಶಿಯ ಹತ್ತಿರ ನಿಂತವರಿಗೆ ಮೊದಲಿನದು ಕಂಡಿತು, ಅಂಚಿನಲ್ಲಿದ್ದವರ ಕೈಗೆ ಎರಡನೆಯದೇ ಸಿಕ್ಕಿತು.

ಈ ವ್ಯವಸ್ಥೆಯ ಒಳ್ಳೆಯದೂ ಕೆಟ್ಟದ್ದೂ ಒಟ್ಟಿಗೆ ಬಯಲಾದದ್ದು 1876ರಲ್ಲಿ. ಧಾತು, ಈಶ್ವರ ಸಂವತ್ಸರಗಳ ಬರ ಅದು. ಮುಂಗಾರು ಕೈಕೊಟ್ಟು ಹಿಂಗಾರಿಯೂ ಬಾರದೆ ಹೋದಾಗ ಕಲಾದಗಿ ಜಿಲ್ಲೆ ಮುಂಬಯಿ ಪ್ರಾಂತದಲ್ಲೇ ಅತಿ ಹೆಚ್ಚು ನೊಂದ ಸೀಮೆಗಳಲ್ಲೊಂದಾಯಿತು. ಒಳನಾಡಿಗೆ ರೈಲಿರಲಿಲ್ಲ, ಬಂಡಿಯಲ್ಲಿ ಕಾಳು ತರಬೇಕಾದ ಎತ್ತುಗಳು ಮೇವಿಲ್ಲದೆ ಮೊದಲೇ ಸತ್ತವು. ರೈತನ ಮನೆಯಲ್ಲಿ ಹಗೇವು ಇರುತ್ತಿತ್ತು. ನೆಲದೊಳಗೆ ಅಗೆದು, ಹುಲ್ಲು ಹಾಸಿ, ವರ್ಷಗಟ್ಟಲೆ ಜೋಳ ಕೆಡದಂತೆ ಮುಚ್ಚಿಡುವ ಆ ಗುಣಿಯಲ್ಲಿ ಹಳೆಯ ಸುಗ್ಗಿಯೊಂದು ಮಲಗಿರಬಹುದಿತ್ತು. ಕಸುಬಿನವನ ಮನೆಯಲ್ಲಿ ಹಗೇವು ಎಲ್ಲಿಯದು? ಕಣವೇ ಇಲ್ಲದ ವರ್ಷ ಆಯ ಎಲ್ಲಿಯದು? ಬೆಳೆಯ ಮೇಲೆ ಪಾಲಿದ್ದವನಿಗೆ ಬರದ ಮೇಲೂ ಪಾಲಿತ್ತು, ಮತ್ತು ಅದು ಅವನಿಗೇ ಮೊದಲು ಬಂತು. ಕಂಬಾರ, ಕುಂಬಾರ, ನೇಕಾರರು ಸರಕಾರದ ಬರಗಾಲದ ಕೆಲಸಕ್ಕೆ ನಡೆದು ಹೋಗಿ ಕಲ್ಲು ಒಡೆದರು. ಅಲ್ಲಿ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯವೂ ಮೇಲಿಷ್ಟು ಬಿಡಿಕಾಸೂ ಸಾಕೆಂದು, ಬರ ನೋಡಲು ಸರಕಾರ ಕಳಿಸಿದ್ದ ಅಧಿಕಾರಿ ಸರ್ ರಿಚರ್ಡ್ ಟೆಂಪಲ್ ತೀರ್ಮಾನಿಸಿದ್ದ. ಅರ್ಧ ಕಿಲೋ ಕೂಡ ತುಂಬದ ಕಾಳದು. ಜೀವಮಾನದಲ್ಲಿ ಮೊದಲ ಬಾರಿಗೆ ತಮ್ಮ ಒಂದು ದಿನದ ಬೆಲೆ ಇಷ್ಟು ಎಂದು ಎಷ್ಟೋ ಕಸುಬುದಾರರು ತಿಳಿದದ್ದು ಬಹುಶಃ ಅಲ್ಲಿಯೇ. 1872ರ ಜನಗಣತಿಯಲ್ಲಿ ಎಂಟು ಲಕ್ಷ ದಾಟಿದ್ದ ಜಿಲ್ಲೆಯ ಜನ 1881ರ ಹೊತ್ತಿಗೆ ಆರೂವರೆ ಲಕ್ಷಕ್ಕಿಂತ ಕೆಳಗಿಳಿದಿದ್ದರು. ಸತ್ತವರೆಷ್ಟು, ಗುಳೆ ಹೋಗಿ ತಿರುಗಿ ಬಾರದವರೆಷ್ಟು, ಆ ಲೆಕ್ಕದಲ್ಲಿ ಎರಡೂ ಬೆರೆತುಹೋಗಿವೆ.

ಬರದಲ್ಲಿ ಹಗೇವು ತೆರೆದು ಹಂಚಿದವರೂ ಇದ್ದರು, ಬೆಲೆ ಏರಲೆಂದು ಮುಚ್ಚಿಟ್ಟು ಕಾದವರೂ ಇದ್ದರು. ಹಗೇವು ತೆರೆಯುವವರಿಗೆ ಒಂದು ಎಚ್ಚರಿಕೆ ಗೊತ್ತಿರುತ್ತದೆ: ಬಾಯಿ ತೆಗೆದ ಕೂಡಲೇ ಒಳಗಿಳಿಯಬಾರದು, ಒಳಗಿನ ಕೆಟ್ಟ ಗಾಳಿ ಹೊರಗೆ ಹೋಗುವ ತನಕ ಕಾಯಬೇಕು, ಇಲ್ಲವಾದರೆ ಇಳಿದವನು ಅಲ್ಲೇ ಉಸಿರು ಕಟ್ಟಿ ಬೀಳುತ್ತಾನೆ. ಬಹಳ ದಿನ ಮುಚ್ಚಿಟ್ಟ ಅನ್ನದ ಗುಣ ಅದು.

ಇನ್ನೊಂದು ಸಂಗತಿ ನನ್ನನ್ನು ಇದಕ್ಕಿಂತ ಹೆಚ್ಚು ಕಾಡುತ್ತದೆ. ಇದೇ ನೆಲದಲ್ಲಿ, ಆ ಕಣಗಳಿಗೆ ಏಳು ನೂರು ವರ್ಷ ಹಿಂದೆ, ಬಾಗೇವಾಡಿಯ ಬಸವಣ್ಣನೂ ದೇವರ ಹಿಪ್ಪರಗಿಯ ಮಡಿವಾಳ ಮಾಚಿದೇವನೂ ಬದುಕಿದ್ದರು. ಅವರ ಗೆಳೆಯರ ಬಳಗದಲ್ಲಿ ಹಡಪದ ಅಪ್ಪಣ್ಣ, ಮೇದಾರ ಕೇತಯ್ಯ, ಮಾದಾರ ಧೂಳಯ್ಯ, ಅಂಬಿಗರ ಚೌಡಯ್ಯ ಇದ್ದರು. ಲಗ್ನಪತ್ರಿಕೆಯ ಸಾಲಿನಂಥ ಹೆಸರುಗಳೇ ಅವು, ಆದರೆ ಅಲ್ಲಿ ಯಾರೂ ಅಂಚಿನಲ್ಲಿ ನಿಂತಿರಲಿಲ್ಲ. ಆಯ್ದಕ್ಕಿ ಮಾರಯ್ಯನ ಕತೆಯನ್ನು ನೆನೆಯಿರಿ. ಕಲ್ಯಾಣದ ಬೀದಿಯಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಅವನ ಕಾಯಕ. ಒಂದು ದಿನ ಹೆಚ್ಚಿಗೆ ತಂದಾಗ ಹೆಂಡತಿ ಲಕ್ಕಮ್ಮ, ಇಂದಿನ ದಾಸೋಹಕ್ಕೆ ಬೇಕಾದಷ್ಟೇ ಇರಲಿ, ಉಳಿದದ್ದನ್ನು ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಎಂದು ಕಳಿಸಿದಳಂತೆ. ನೆಲಕ್ಕೆ ಬಿದ್ದ ಕಾಳನ್ನು ಆಯುವುದು ಅಲ್ಲಿಯೂ ಇತ್ತು, ನಮ್ಮ ಕಣದ ಅಂಚಿನಲ್ಲೂ ಇತ್ತು. ಆಯುವ ಕೆಲಸದಲ್ಲಿ, ಆಯ್ದ ಕಾಳಿನಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಒಬ್ಬಳು ಅದನ್ನು ಬೇಡವೆನ್ನಬಲ್ಲವಳಾಗಿದ್ದಳು. ಬೇಡವೆನ್ನುವ ಹಕ್ಕು ಇಲ್ಲದವರ ಕೈಗೆ ಬಿದ್ದದ್ದನ್ನು ಆಯ ಎಂದು ಕರೆದರೇನು, ಏನೆಂದು ಕರೆದರೇನು?

ಆ ಶರಣರ ಮಾತೆಲ್ಲ ಹತ್ತೊಂಬತ್ತನೆಯ ಶತಮಾನದಲ್ಲಿ ಮರೆತುಹೋಗಿತ್ತೇ ಎಂದರೆ, ಹೋಗಿರಲಿಲ್ಲ. ತಾಳೆಗರಿಯ ಕಟ್ಟುಗಳಾಗಿ ಮಠಗಳಲ್ಲಿ, ಎಷ್ಟೋ ಮನೆಗಳಲ್ಲಿ ಅದು ಇತ್ತು. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿಕೆ ಮಾಡುತ್ತ ಅಂಥ ಕಟ್ಟುಗಳನ್ನು ಹುಡುಕಿ ಊರೂರು ಅಲೆದರು, ‘ವಚನಶಾಸ್ತ್ರ ಸಾರ’ವನ್ನು 1923ರಲ್ಲಿ ಹೊರತಂದರು, ಅಚ್ಚಿನ ಮನೆ ಹಾಕಲು ಇದ್ದ ಮನೆಯನ್ನು ಮಾರಿದರು. ಅಲ್ಲಿಯವರೆಗೆ ಆ ಗರಿಗಳಲ್ಲಿ ಬಹುಪಾಲು ವಸ್ತ್ರದಲ್ಲಿ ಸುತ್ತಿಕೊಂಡು, ವಿಭೂತಿ ಹಚ್ಚಿಸಿಕೊಂಡು ಕೂತಿದ್ದವು. ಹೀಗೂ ನಡೆದಿರಬಹುದೆಂದು ನಾನು ಊಹಿಸಿಕೊಳ್ಳುತ್ತೇನೆ: ಮನೆಯ ಯಜಮಾನ ಬೆಳಗ್ಗೆ ಎದ್ದು ಮಾಚಿದೇವನ ಮಾತುಗಳಿದ್ದ ಕಟ್ಟಿಗೆ ಕೈಮುಗಿದ, ಆಮೇಲೆ ಹೊರಗೆ ಬಂದು, ಮಡಿವಾಳನ ಗಂಟನ್ನು ಅಂಗಳದಾಚೆಗೇ ಇಡಿಸಿದ. ಅವನಲ್ಲಿ ಕಪಟವಿರಲಿಲ್ಲ. ಪೂಜಿಸುವುದಕ್ಕೆ ಅದನ್ನು ಓದಬೇಕಾಗಿರಲಿಲ್ಲ, ಅಷ್ಟೆ. ನಾವು ಓದಿದ್ದೇವೆ, ಆದ್ದರಿಂದ ನಮ್ಮ ನೆವ ಅವನದಕ್ಕಿಂತ ದುರ್ಬಲವಾದದ್ದು.

ಆ ಊರುಗಳಿಗೆ ತಮ್ಮ ಗಡಿಯನ್ನು ತಾವೇ ಅಳಿಸಿಕೊಳ್ಳುವ ದಿನಗಳೂ ಇದ್ದವು ಎಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಎಳ್ಳ ಅಮಾವಾಸ್ಯೆಯ ದಿನ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಸಜ್ಜಿ ಕಡುಬು, ಭರ್ತಾ, ಪುಂಡಿಪಲ್ಯೆ ಬಿಚ್ಚಿ, ಮೊದಲು ಬೆಳೆಗೆ ಚರಗ ಚೆಲ್ಲಿ, ಆಮೇಲೆ ಹೊಲದ ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೂಗಿ ಕರೆದು ಉಣ್ಣಿಸುವ ರೂಢಿ ಇಂದಿಗೂ ಸವೆದಿಲ್ಲ. ಕಾರ ಹುಣ್ಣಿಮೆಗೆ ಕಾಖಂಡಕಿಯಲ್ಲಿ ಎತ್ತುಗಳ ಕರಿ ಹರಿಯುವುದನ್ನು ನೋಡಲು ಸುತ್ತಲ ಸೀಮೆ ಸೇರುತ್ತದೆ. ಬಿಜಾಪುರದ ಬಾದಶಾಹಿಯ ಚಾಕರಿ ಬಿಟ್ಟು ದಾಸರಾದ ಮಹಿಪತಿರಾಯರ ಊರೂ ಅದೇ. ಮೊಹರಮ್ಮಿನ ಡೋಲಿ ಏಳಬೇಕಾದರೆ ಹಿಂದೂ ಮನೆಗಳ ಹರಕೆ ಬೇಕು, ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರ ಜಾತಿಯನ್ನು ಆ ರಾತ್ರಿ ಯಾರೂ ಕೇಳುವುದಿಲ್ಲ. ಹಬ್ಬ ಮುಗಿದ ಮರುದಿನ ಎಲ್ಲ ಮೊದಲಿನಂತೆಯೇ ಆಗುತ್ತಿತ್ತು, ನಿಜ. ಆದರೂ ವರ್ಷಕ್ಕೊಂದು ರಾತ್ರಿ ಹಾಗೆ ಇರಬಹುದಾದವರು ಉಳಿದ ರಾತ್ರಿಗಳಲ್ಲಿ ಹಾಗಿರಲು ಬಾರದೆಂದು ಯಾರು ಹೇಳಬಲ್ಲರು? ಗೊತ್ತಿಲ್ಲದೆ ಮಾಡಿದ ತಪ್ಪಲ್ಲ ಅದು ಎಂಬುದಕ್ಕೆ ಆ ಹಬ್ಬಗಳೇ ಸಾಕ್ಷಿ.

ಮಣ್ಣೆತ್ತಿನ ಅಮಾವಾಸ್ಯೆಗೆ ಕುಂಬಾರ ಮಾಡಿ ಕೊಡುವ ಎತ್ತಿನ ಜೋಡಿಗೆ ಬೆಲೆ ಕಟ್ಟದೆ ಒಂದಿಷ್ಟು ಜೋಳ ಹಾಕುವ ಮನೆಗಳು ಇನ್ನೂ ಕೆಲವಿವೆ. ಅಂಥದ್ದನ್ನು ಕಂಡು ಆನಂದಪಡುವವರ ಸಾಲಿನಲ್ಲಿ ನಾನೂ ಇದ್ದೇನೆ. ಆದರೆ ಆ ಕುಂಬಾರನ ಮಗ ಪೇಟೆಯಲ್ಲಿ ಬೇರೆ ಸಂಪಾದನೆ ಮಾಡುತ್ತಿರುವುದರಿಂದಲೇ ಇಂದು ಆ ಜೋಳಕ್ಕೆ ಸೊಗಸು ಬಂದಿದೆ ಎಂಬುದೂ ನನಗೆ ಗೊತ್ತು. ಅದನ್ನೇ ನಂಬಿ ಒಲೆ ಹೊತ್ತಿಸಬೇಕಾಗಿದ್ದರೆ ಅವನೂ ಬೆಲೆ ಹೇಳಲಾಗದೆ ಬಾಗಿಲಲ್ಲಿ ನಿಂತಿರುತ್ತಿದ್ದ.

ಈಗ ತಿಕೋಟಾದ ಸುತ್ತ ಜೋಳದ ಜಾಗದಲ್ಲಿ ಬಹುಪಾಲು ದ್ರಾಕ್ಷಿ. ಏತ ನೀರಾವರಿಯ ನೀರು ಬಂದ ಮೇಲೆ ಬಬಲೇಶ್ವರದ ಕಡೆಯೂ ಹಸಿರಾಗಿದೆ. ಏಪ್ರಿಲ್ಲಿನ ಚಾಟ್ನಿ (ಬಳ್ಳಿ ಸವರುವುದು), ಅಕ್ಟೋಬರಿನ ಚಾಟ್ನಿ, ಗೊಂಚಲು ತಿದ್ದುವುದು, ಶೆಡ್ಡಿನಲ್ಲಿ ಒಣಗಿಸಿ ಒಣದ್ರಾಕ್ಷಿ ಮಾಡುವುದು, ಎಲ್ಲಕ್ಕೂ ಹೆಂಗಸರ ಗುಂಪುಗಳಿವೆ. ಎಕರೆಗಿಷ್ಟು ಎಂದು ಫೋನಿನಲ್ಲೇ ಚೌಕಾಸಿ ಮಾಡುತ್ತಾರೆ, ಒಗ್ಗದಿದ್ದರೆ ಬೇರೆ ತೋಟಕ್ಕೆ ಹೋಗುತ್ತಾರೆ. ಅವರ ಅಜ್ಜಿಯರು ಕಣದ ಅಂಚಿನಲ್ಲಿ ನಿಂತಿದ್ದರೆ, ಇವರು ತೋಟದ ಮಾಲೀಕನನ್ನೇ ಗೇಟಿನ ಹತ್ತಿರ ನಿಲ್ಲಿಸಿ ದರ ಕೇಳುತ್ತಾರೆ. ಈ ಬದಲಾವಣೆಯನ್ನು ಹಳ್ಳಿ ಕೆಟ್ಟಿತು ಎಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ. ಹೂ ಬಿಡುವಾಗ ಅಕಾಲದ ಮಳೆ ಸುರಿದರೆ, ಕಾಯಿ ಕಟ್ಟಿದಾಗ ಆಲಿಕಲ್ಲು ಬಿದ್ದರೆ ಮಾತ್ರ, ತೋಟದವನ ಸಾಲ ಅವನಿಗೆ, ಕೂಲಿಯಾಕೆಯ ಬರಿದಾದ ದಿನಗಳು ಆಕೆಗೆ. ಒಬ್ಬರ ನಷ್ಟವನ್ನು ಇನ್ನೊಬ್ಬರು ವಿಚಾರಿಸಬೇಕೆಂಬ ಕಟ್ಟು ಈಗ ಎಲ್ಲಿಯೂ ಇಲ್ಲ. ಇರಬೇಕೆಂದು ಎರಡೂ ಕಡೆಯವರಿಗೆ ಅನ್ನಿಸುವುದೂ ಇಲ್ಲ. ಬಿಡುಗಡೆಯೂ ಇದ್ದು ಪಾಲುದಾರಿಕೆಯೂ ಇರುವ ಒಪ್ಪಂದವೊಂದು ಮನುಷ್ಯರ ನಡುವೆ ಸಾಧ್ಯವಿಲ್ಲವೇ? ಸಹಕಾರ ಸಂಘಗಳು ಅದನ್ನೇ ಹುಡುಕಿ ಹೊರಟಿದ್ದವು. ಕೆಲವು ದೂರ ಹೋದವು, ಹಲವು ಚುನಾವಣೆಯಲ್ಲಿ ಮುಳುಗಿದವು.

ಪೇಟೆಯ ನಮ್ಮ ಮನೆಗಳಲ್ಲಿ ಕಣವಿಲ್ಲ, ಆದರೆ ಕೊಡುವ ಕೈಯ ಹಳೆಯ ಚಾಳಿ ಹಾಗೆಯೇ ಇದೆ. ಪಾತ್ರೆ ತಿಕ್ಕುವಾಕೆಗೆ ದೀಪಾವಳಿಗೆ ಕೊಟ್ಟ ಸೀರೆಯ ಬಣ್ಣವನ್ನೂ ಬೆಲೆಯನ್ನೂ ನಾವು ಮೂರು ವರ್ಷದ ನಂತರವೂ ನೆನಪಿಟ್ಟು ಹೇಳುತ್ತೇವೆ, ಆಕೆ ಅದನ್ನು ಉಟ್ಟುಕೊಂಡು ಬರಲಿಲ್ಲವೆಂದು ಬೇಸರವನ್ನೂ ಮಾಡಿಕೊಳ್ಳುತ್ತೇವೆ. ಆಕೆಯ ತಿಂಗಳ ಸಂಬಳವನ್ನು ಕಡೆಯದಾಗಿ ಏರಿಸಿದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ಗಂಡ ಹೆಂಡತಿಯ ಮುಖ ನೋಡುತ್ತಾನೆ, ಹೆಂಡತಿ ಗಂಡನ ಮುಖ ನೋಡುತ್ತಾಳೆ. ಅಡುಗೆಮನೆಯಲ್ಲಿರುವ ಆಕೆಗೆ ಮಾತ್ರ ತಿಂಗಳೂ ಗೊತ್ತು, ಇಸವಿಯೂ ಗೊತ್ತು.